ತೋಟದ ಮನೆಯಿಂದಲೇ ಮುಕ್ತ ತಂತ್ರಾಂಶ: ಒಂದಿಷ್ಟು ಸೂತ್ರಗಳು

ಬಾಳೂರು, ಕೊಟ್ಟಿಗೆಹಾರ, ಜಾವಳಿ, ಕಳಸದ ಕಡೆಯ ಹುಡುಗ ಹುಡುಗಿಯರು ಬಿಇ, ಬಿಸಿಎ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವಾಗ ಅಂಕಪಟ್ಟಿ ಬಿಟ್ಟರೆ ತೋರಿಸಲು ಬೇರೇನೂ ಇರುವುದಿಲ್ಲ. ಇರಬೇಕಿತ್ತು, ಇರುವಂತೆ ಮಾಡಿಕೊಳ್ಳಲೂ ಬರುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ, ಲಿನಕ್ಸ್ ಇವುಗಳ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮೂಲ ತಂಡಕ್ಕೆ ಒಪ್ಪಿಸಬಹುದು. ಯಾವ ಊರು, ಯಾವ ಕಾಲೇಜು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಿದ್ದುಕೊಂಡು ಇಂಥದ್ದಕ್ಕೆ ತಲೆ ಕೊಟ್ಟವರಲ್ಲಿ ನೀವು ಮೊದಲಿಗರೂ ಅಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ತನಕ ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಬೇಕೆಂದು ಹಟ ಹಿಡಿದಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆ ಇತ್ತು.

1. ದಿನಾ ಬಳಸುವುದನ್ನೇ ಹಿಡಿಯಿರಿ

ದೊಡ್ಡ ಹೆಸರು ನೋಡಿ ಸೀದಾ ಲಿನಕ್ಸ್ ಕರ್ನಲ್‌ಗೇ ಕೈಹಾಕಲು ಹೊರಟವರು ಬೇಗ ಸುಸ್ತಾಗುತ್ತಾರೆ. ನಿಮ್ಮ ಫೋನಿನ ಕನ್ನಡ ಕೀಬೋರ್ಡ್, ಪಿಡಿಎಫ್ ಓದುವ ಆ್ಯಪ್, ಕೂಲಿ ಲೆಕ್ಕ ಬರೆಯುವ ಲಿಬ್ರೆಆಫೀಸ್ ಕ್ಯಾಲ್ಕ್, ಇವುಗಳಲ್ಲಿ ಯಾವುದು ನಿಮ್ಮನ್ನು ಹೆಚ್ಚು ಸತಾಯಿಸುತ್ತದೋ ಅದನ್ನೇ ಆರಿಸಿಕೊಳ್ಳಿ. ತೊಂದರೆ ಉಂಡವರಿಗೇ ಅದನ್ನು ಸರಿಮಾಡುವ ತಾಳ್ಮೆಯೂ ಬರುತ್ತದೆ.

2. ಕೋಡ್ ಬರೆಯಲು ಬಾರದಿದ್ದರೂ ಬನ್ನಿ

ಕನ್ನಡಕ್ಕೆ ಸಿಕ್ಕ ದೊಡ್ಡ ಮುಕ್ತ ಕೊಡುಗೆಗಳಲ್ಲಿ ಒಂದು ಬಂದದ್ದು ಪದಗಳ ರೂಪದಲ್ಲಿ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, 2,40,000ಕ್ಕೂ ಹೆಚ್ಚು ಅರ್ಥವಿವರಣೆಗಳಿವೆ. ಇವತ್ತು ಯಾವ ಆ್ಯಪ್ ಮಾಡುವವರೂ ಅದನ್ನು ಇಳಿಸಿಕೊಂಡು ಬಳಸಬಹುದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಿಕೊಡುವ 'ವಚನ ಸಂಚಯ' ರೂಪುಗೊಂಡದ್ದೂ ಸಾಹಿತ್ಯ ಬಲ್ಲವರು ಮತ್ತು ಕೋಡ್ ಬಲ್ಲವರು ಜೊತೆಗೆ ಕೂತಿದ್ದರಿಂದ.

ಕೈಪಿಡಿ ಬರೆಯುವುದು, ಹೊಸ ಆವೃತ್ತಿಯನ್ನು ಮೊದಲೇ ಹಾಕಿಕೊಂಡು ಪರೀಕ್ಷಿಸುವುದು, ಅನುವಾದ, ಚಿತ್ರ, ಹೊಸಬರ ಪ್ರಶ್ನೆಗೆ ಉತ್ತರ, ಎಲ್ಲವೂ ಕೊಡುಗೆಯೇ. ಕನ್ನಡ ಎಂಎ ಮಾಡಿದವರು ಈ ಕೆಲಸಕ್ಕೆ ಬರುತ್ತಿಲ್ಲ ಎನ್ನುವುದು ನನ್ನ ದೊಡ್ಡ ಕೊರಗು.

3. ದೋಷವನ್ನು ವರದಿ ಮಾಡುವುದನ್ನು ಕಲಿಯಿರಿ

'ಕನ್ನಡ ಸರಿಯಾಗಿ ಬರುತ್ತಿಲ್ಲ' ಎಂದು ಬರೆದರೆ ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕೂತವರಿಗೆ ಏನೂ ತಿಳಿಯುವುದಿಲ್ಲ. ಒಂದು ನಿಜವಾದ ಉದಾಹರಣೆ ನೋಡಿ. 'ರ‍್ಯಾಂಕ್' ಎಂದು ರಕಾರದ ಕೆಳಗೆ ಯ ಒತ್ತು ಬರುವಂತೆ ಬರೆಯಲು ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಸೇರ್ಪಡೆ ಗುರುತು ಇಡಬೇಕು. ಅದು ಇಲ್ಲದಿದ್ದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತದೆ. ಹುಡುಕುವಾಗ ಈ ಗುರುತನ್ನು ಲೆಕ್ಕಕ್ಕೆ ಹಿಡಿಯುವ ತಂತ್ರಾಂಶದಲ್ಲಿ ಒಂದು ರೂಪ ಹಾಕಿದರೆ ಇನ್ನೊಂದು ಸಿಗದು. ಇದನ್ನು ಕನ್ನಡ ಬಾರದ ಎಂಜಿನಿಯರ್ ತಾನಾಗಿ ಕಂಡುಹಿಡಿಯುವುದು ಕಷ್ಟ.

ಹಾಗಾಗಿ ವರದಿಯಲ್ಲಿ ಇಷ್ಟು ಇರಲಿ: ಏನು ಟೈಪ್ ಮಾಡಿದಿರಿ, ಯಾವ ಕೀಲಿಮಣೆಯಿಂದ, ಅಕ್ಷರಗಳ ಯೂನಿಕೋಡ್ ಸಂಖ್ಯೆ ಸಮೇತ, ಏನು ಬರಬೇಕಿತ್ತು, ಏನು ಬಂತು, ತಂತ್ರಾಂಶದ ಆವೃತ್ತಿ, ಫಾಂಟಿನ ಹೆಸರು, ಎರಡರ ಚಿತ್ರ ಅಕ್ಕಪಕ್ಕ. ಅವರಿಗೆ ಕನ್ನಡ ಓದಲು ಬಾರದು ಎಂದು ನೆನಪಿಟ್ಟು, ಎಲ್ಲಿ ತಪ್ಪಿದೆ ಅಂತ ಚಿತ್ರದಲ್ಲಿ ಕೆಂಪು ಗೆರೆ ಎಳೆದು ತೋರಿಸಿ. ಯೂನಿಕೋಡ್‌ನಂಥ ಜಾಗತಿಕ ವ್ಯವಸ್ಥೆಯೂ ಹೀಗೆ ದಾಖಲೆ ಸಮೇತ ಕೇಳಿದವರಿಗೆ ಕಿವಿಗೊಡುತ್ತದೆ. ಹಳಗನ್ನಡದ ನಕಾರಪೊಲ್ಲು ಎಂಬ ಅಕ್ಷರ ಅದಕ್ಕೆ ಸೇರಿದ್ದು 2021ರಷ್ಟು ಈಚೆಗೆ, 14ನೇ ಆವೃತ್ತಿಯಲ್ಲಿ.

4. ಅನುವಾದಿಸುವಾಗ ವಿಭಕ್ತಿ ಪ್ರತ್ಯಯದ ಮೇಲೆ ಕಣ್ಣಿಡಿ

ಫೈರ್‌ಫಾಕ್ಸ್‌ಗೆ ಪಾಂಟೂನ್, ಲಿಬ್ರೆಆಫೀಸ್‌ಗೆ ವೆಬ್ಲೇಟ್, ವಿಕಿಪೀಡಿಯಾ ತಂತ್ರಾಂಶಕ್ಕೆ ಟ್ರಾನ್ಸ್‌ಲೇಟ್‌ವಿಕಿ. ಈ ಮೂರು ಅನುವಾದ ತಾಣಗಳಲ್ಲೂ ಒಂದೊಂದು ಖಾತೆ ತೆರೆದರೆ ಅವತ್ತೇ ಕೆಲಸ ಶುರು ಮಾಡಬಹುದು. ಆದರೆ ಸಾಲು ಸಾಲಾಗಿ ಅನುವಾದಿಸಿ ಎಣಿಕೆ ಹೆಚ್ಚಿಸಿಕೊಳ್ಳಲು ಹೋಗಬೇಡಿ. ವಾಕ್ಯದ ನಡುವೆ ಹೆಸರು ಬಂದು ಕೂರಲು ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅದರ ಮುಂದೆ 'ಗೆ' ಸೇರಿಸಿಬಿಟ್ಟರೆ ಕಳಸಕ್ಕೆ ಹೋಗುವವರು 'ಕಳಸಗೆ', ಬಾಳೂರಿಗೆ ಹೋಗುವವರು 'ಬಾಳೂರುಗೆ' ಎಂದು ಓದಬೇಕಾಗುತ್ತದೆ. ಮೂಡಿಗೆರೆಗೆ ಮಾತ್ರ ಸರಿಹೋಗುತ್ತದೆ! ಅಂಥ ಕಡೆ ವಾಕ್ಯವನ್ನೇ ಬದಲಿಸಿ, 'ತಲುಪುವ ಊರು:' ಎಂದು ಬರೆದು ಹೆಸರನ್ನು ಅದರ ಮುಂದೆ ಬಿಡಿ. ಖಾಲಿ ಜಾಗ ಎರಡಿದ್ದರೆ ಕನ್ನಡದ ಪದಕ್ರಮಕ್ಕೆ ತಕ್ಕಂತೆ ಅವುಗಳನ್ನು ಹಿಂದುಮುಂದು ಮಾಡಲೂ ಸಾಮಾನ್ಯವಾಗಿ ಅವಕಾಶವಿದೆ.

ಇನ್ನು ಪದಗಳ ವಿಚಾರ. ಜನ 'ಫೈಲ್' ಅನ್ನುತ್ತಿರುವಾಗ 'ಕಡತ' ಹಾಕಬೇಕೋ ಬೇಡವೋ ಎಂಬುದನ್ನು ಒಬ್ಬರೇ ತೀರ್ಮಾನಿಸಬೇಡಿ. ಹಳೆಯ ಅನುವಾದಕರು ಯಾವುದನ್ನು ಬಳಸಿದ್ದಾರೆ ನೋಡಿ, ಅದನ್ನೇ ಮುಂದುವರಿಸಿ. ಒಂದೇ ಪರದೆಯಲ್ಲಿ ಎರಡು ಪದ ಕಂಡರೆ ಬಳಸುವವರು ಭಾಷೆಯನ್ನೇ ಇಂಗ್ಲಿಷಿಗೆ ಬದಲಿಸಿಬಿಡುತ್ತಾರೆ. ಅನುವಾದ ಮುಗಿದ ಮೇಲೆ ಫೋನನ್ನು ಕನ್ನಡಕ್ಕೆ ಹಾಕಿ ಅಮ್ಮನ ಕೈಗೆ ಕೊಡಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಇನ್ನೂ ಕೆಲಸ ಇದೆ.

5. ನಿಮ್ಮೂರನ್ನು ನಕ್ಷೆಗೆ ಹಾಕಿ

ಬಾಳೂರಿನವರಿಗೆ ನಾನು ಮೊದಲು ಹೇಳುವ ಕೆಲಸ ಇದೇ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಬರೆಯುವ ಜಗತ್ತಿನ ನಕ್ಷೆ. ನಗರಗಳಲ್ಲಿ ಬೀದಿ ಬೀದಿಯೂ ಅದರಲ್ಲಿ ಸಿಗುತ್ತದೆ. ಕಾಫಿ ತೋಟಗಳ ನಾಡಿನಲ್ಲಿ ಮರದ ನೆರಳು ದಟ್ಟವಾಗಿರುವುದರಿಂದ ಉಪಗ್ರಹ ಚಿತ್ರ ನೋಡಿ ಬರೆಯುವವರಿಗೆ ರಸ್ತೆ ಕಾಣುವುದಿಲ್ಲ, ಸಿಲ್ವರ್ ಓಕ್ ತುದಿಗಳು ಮಾತ್ರ ಕಾಣುತ್ತವೆ. ಕೆಲಸದವರ ಲೈನ್ ಮನೆಗಳು, ಹಳ್ಳಕ್ಕೆ ಹಾಕಿದ ಕಾಲುಸಂಕ, ಮಳೆಗಾಲದಲ್ಲಿ ಜೀಪು ಮಾತ್ರ ಹತ್ತುವ ಮಣ್ಣುದಾರಿ, ಅಂಗನವಾಡಿ, ಇವನ್ನು ಬರೆಯಬಲ್ಲವರು ಅಲ್ಲಿ ನಡೆದವರು ಮಾತ್ರ.

2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ಸ್ವಯಂಸೇವಕರು ಇದೇ ನಕ್ಷೆಯಲ್ಲಿ ಪೋರ್ಟ್-ಒ-ಪ್ರಿನ್ಸ್ ನಗರದ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದರು, ಪರಿಹಾರಕ್ಕೆ ಬಂದವರು ಅದನ್ನು ಹಿಡಿದು ಓಡಾಡಿದರು. ನಮ್ಮಲ್ಲಿ 2019ರ ಆಗಸ್ಟಿನ ಮಳೆಗೆ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿಯಿತು, ಚಾರ್ಮಾಡಿ ಘಾಟಿ ಕುಸಿದು ಬಂದ್ ಆಯಿತು. ಹೊರಗಿನಿಂದ ಬರುವ ರಕ್ಷಣಾ ತಂಡಕ್ಕೆ ಒಂಟಿ ಮನೆ ಎಲ್ಲಿದೆ, ಬದಲಿ ದಾರಿ ಯಾವುದು ಎಂದು ತೋರಿಸುವ ನಕ್ಷೆ ಮಳೆಗಾಲಕ್ಕೆ ಮೊದಲೇ ಸಿದ್ಧವಿರಬೇಕು.

ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಕೊಳ್ಳಿ. ರಸ್ತೆ ಡಾಂಬರೋ ಮಣ್ಣೋ, ಅಂಗಡಿ ಇನ್ನೂ ಇದೆಯೋ ಎಂಬಂಥ ಚಿಕ್ಕ ಪ್ರಶ್ನೆ ಕೇಳುತ್ತದೆ. ನೆಟ್‌ವರ್ಕ್ ಇದ್ದಾಗ ಆ ಭಾಗ ಇಳಿಸಿಕೊಂಡು, ಇಲ್ಲದ ಕಡೆ ಉತ್ತರಿಸುತ್ತ ಹೋಗಿ. ನಾಲ್ಕು ಎಚ್ಚರಿಕೆ: ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬಾರದು, ಅದು ಹಕ್ಕುಸ್ವಾಮ್ಯದ ವಿಷಯ. ತೋಟದೊಳಗಿನ ಖಾಸಗಿ ದಾರಿಗೆ ಖಾಸಗಿ ಎಂಬ ಗುರುತು ಹಾಕಲೇಬೇಕು, ಇಲ್ಲವಾದರೆ ಪ್ರವಾಸಿಗರ ಕಾರು ಕಣಕ್ಕೆ ಬಂದು ನಿಲ್ಲುತ್ತದೆ. ಕನ್ನಡ ಹೆಸರಿಗೆಂದೇ ಬೇರೆ ಜಾಗವಿದೆ, ಅದನ್ನು ತುಂಬಿ. ತುಂಬದಿದ್ದರೆ ಯಂತ್ರ ಇಂಗ್ಲಿಷ್ ಅಕ್ಷರ ನೋಡಿ ಬಾಳೂರನ್ನು 'ಬಲೂರ್' ಮಾಡುತ್ತದೆ. ಹೇಮಾವತಿ ಹುಟ್ಟುವ ಜಾವಳಿಯ ಸುತ್ತಿನ ಹಳ್ಳ ತೊರೆಗಳ ಹೆಸರು ಹಿರಿಯರ ಬಾಯಲ್ಲಷ್ಟೇ ಉಳಿದಿರುತ್ತದೆ. ಕೇಳಿ, ಇಬ್ಬರು ಮೂವರು ಹೇಳಿದ್ದು ತಾಳೆಯಾದ ಮೇಲೆ ಬರೆಯಿರಿ.

6. ಕೈ ಹಾಕುವ ಮೊದಲು ಓದಿ

ಪ್ರತಿ ಯೋಜನೆಯಲ್ಲೂ ರೀಡ್‌ಮಿ ಎಂಬ ಪರಿಚಯ ಪುಟ ಇರುತ್ತದೆ, ಹೆಚ್ಚಿನವುಗಳಲ್ಲಿ ಕೊಡುಗೆ ಹೇಗೆ ಕೊಡಬೇಕೆಂಬ ನಿಯಮವೂ ಇರುತ್ತದೆ. ಎರಡನ್ನೂ ಪೂರ್ತಿ ಓದಿ. 'ಗುಡ್ ಫಸ್ಟ್ ಇಶ್ಯೂ' ಎಂದು ಗುರುತು ಹಾಕಿದ್ದು ಹೊಸಬರಿಗೆಂದೇ ಇಟ್ಟ ಕೆಲಸ. ಬೇರೆಯವರು ಅದನ್ನು ಆಗಲೇ ಎತ್ತಿಕೊಂಡಿದ್ದಾರೆಯೇ ನೋಡಿ.

7. ಕರೆಂಟ್, ನೆಟ್‌ವರ್ಕ್ ಇಲ್ಲದ ದಿನಕ್ಕೆ ತಯಾರಾಗಿರಿ

ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬಂದೀತು ಹೇಳಲಾಗದು, ಅದರ ಹಿಂದೆಯೇ ಟವರೂ ಹೋಗುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಇಂಥ ಊರಿಗೆ ಹೇಳಿ ಮಾಡಿಸಿದ್ದು. ಕೋಡಿನ ಪೂರ್ತಿ ಚರಿತ್ರೆ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಬದಲಾಯಿಸುವುದು, ಉಳಿಸುವುದು, ಹಳೆಯದರ ಜೊತೆ ಹೋಲಿಸುವುದು, ಹೊಸ ಕವಲು ತೆಗೆಯುವುದು, ಎಲ್ಲ ನೆಟ್ ಇಲ್ಲದೆ ಆಗುತ್ತದೆ. ಕಳಿಸುವಾಗ, ಬೇರೆಯವರ ಬದಲಾವಣೆ ತರಿಸಿಕೊಳ್ಳುವಾಗ ಮಾತ್ರ ನೆಟ್ ಬೇಕು.

ದೊಡ್ಡ ಯೋಜನೆಯ ಮೊದಲ ಡೌನ್‌ಲೋಡ್ ಜಿಬಿಗಟ್ಟಲೆ ಡೇಟಾ ತಿನ್ನುತ್ತದೆ. ಚರಿತ್ರೆ ಬಿಟ್ಟು ಈಗಿನ ರೂಪವಷ್ಟೇ ಸಾಕು ಎಂದು ಗಿಟ್‌ಗೆ ಹೇಳಬಹುದು. ಡೆಪ್ತ್ ಎಂಬ ಆಯ್ಕೆಗೆ 1 ಎಂದು ಕೊಡಿ. ಪೂರಕ ಲೈಬ್ರರಿಗಳು, ಕೈಪಿಡಿಗಳನ್ನು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋದಾಗ ಒಮ್ಮೆಗೇ ಇಳಿಸಿಕೊಂಡು ಬನ್ನಿ. ವಾರಗಟ್ಟಲೆ ಉತ್ತರಿಸಲು ಆಗುವುದಿಲ್ಲ ಅನಿಸಿದರೆ ತಂಡಕ್ಕೆ ಮೊದಲೇ ಒಂದು ಸಾಲು ತಿಳಿಸಿ. ಯಾರೂ ಬೇಸರಪಡುವುದಿಲ್ಲ.

8. ಒಂದು ಸಲಕ್ಕೆ ಒಂದೇ ತಿದ್ದುಪಡಿ

ದೋಷ ಸರಿಮಾಡುವಾಗ ಪಕ್ಕದ ಕೋಡನ್ನೂ ಅಂದಗೊಳಿಸುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಪರಿಶೀಲಿಸುವವರು ಹತ್ತು ಸಾಲನ್ನು ಹತ್ತು ನಿಮಿಷದಲ್ಲಿ ನೋಡಿ ಒಪ್ಪುತ್ತಾರೆ, ಸಾವಿರ ಸಾಲನ್ನು ಮುಂದಕ್ಕೆ ಹಾಕುತ್ತಾರೆ. ಏನು ಬದಲಿಸಿದಿರಿ ಎನ್ನುವುದು ಕೋಡಿನಲ್ಲೇ ಕಾಣುತ್ತದೆ, ಏಕೆ ಬದಲಿಸಿದಿರಿ ಎಂದು ಟಿಪ್ಪಣಿಯಲ್ಲಿ ಬರೆಯಿರಿ.

9. ಟಿ-ಶರ್ಟಿಗಾಗಿ ಕಳಿಸಬೇಡಿ

2020ರ ಅಕ್ಟೋಬರಿನಲ್ಲಿ ಇಂಥ ಕೊಡುಗೆಗಳನ್ನು ಹುರಿದುಂಬಿಸಲು ನಡೆದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟಿ-ಶರ್ಟ್ ಇತ್ತು. ಭಾರತದ ಒಂದು ವಿಡಿಯೊ ನೋಡಿ ಸಾವಿರಾರು ಮಂದಿ ರೀಡ್‌ಮಿ ಪುಟಕ್ಕೆ ಅರ್ಥವಿಲ್ಲದ ಎರಡು ಪದ ಸೇರಿಸಿ ಜಗತ್ತಿನ ಯೋಜನೆಗಳಿಗೆಲ್ಲ ಕಳಿಸಿದರು. ಬಿಡುವಿನಲ್ಲಿ ಪುಕ್ಕಟೆ ದುಡಿಯುವವರು ಆ ಕಸ ಬಳಿಯಲು ಕೂರಬೇಕಾಯಿತು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ನಡುವೆಯೇ ನಿಯಮ ಬದಲಾಯಿತು. ಎಐ ಬರೆದುಕೊಟ್ಟದ್ದನ್ನು ತಾವೇ ಓದದೆ ಕಳಿಸುವವರು ಈಗ ಮಾಡುತ್ತಿರುವುದೂ ಅದನ್ನೇ. ಪ್ರತಿ ಸಾಲೂ ಏಕಿದೆ ಎಂದು ವಿವರಿಸಲು ಬಂದರೆ ಮಾತ್ರ ಕಳಿಸಿ.

10. ಯೋಜನೆ ನಡೆಸುವವರ ಮೇಲೆ ಒತ್ತಡ ಹೇರಬೇಡಿ

ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವನ್ನು ಬಹುಕಾಲ ನೋಡಿಕೊಂಡಿದ್ದವರು ಒಬ್ಬರೇ. ಕೆಲಸ ನಿಧಾನ ಎಂದು ಅವರನ್ನು ಕುಟುಕಿದ ಕೆಲವು ಖಾತೆಗಳ ಒತ್ತಡದ ನಡುವೆ ಒಬ್ಬ 'ಸಹಾಯಕ' ನಂಬಿಕೆ ಗಳಿಸಿ ಒಳಬಂದು ಕಳ್ಳಬಾಗಿಲು ಇಟ್ಟ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಬೆನ್ನುಹತ್ತಿ ಅದನ್ನು ಹಿಡಿದರು. ಇದರಿಂದ ಎರಡು ವಿಷಯ ಕಲಿಯಬೇಕು. ಉತ್ತರ ತಡವಾದರೆ ಎರಡು ವಾರ ಬಿಟ್ಟು ಒಮ್ಮೆ ಮರ್ಯಾದೆಯಿಂದ ನೆನಪಿಸಿ. ಅರ್ಧ ಸೆಕೆಂಡಿನಷ್ಟು ಸಣ್ಣ ವ್ಯತ್ಯಾಸ ಕಂಡರೂ ನಿರ್ಲಕ್ಷಿಸಬೇಡಿ.

ನಿಮ್ಮ ತಿದ್ದುಪಡಿ ತಿರಸ್ಕೃತವಾದರೆ ಕಾರಣ ಕೇಳಿ, ತಿದ್ದಿ, ಮತ್ತೆ ಕಳಿಸಿ. ಟೀಕೆ ಬರೆದದ್ದು ಕೋಡಿನ ಬಗ್ಗೆ.

11. ಪರವಾನಗಿ ನೋಡಿ, ಹಕ್ಕು ನೋಡಿ

ಜಿಪಿಎಲ್ ಪರವಾನಗಿ ಇರುವ ಕೋಡನ್ನು ಬದಲಿಸಿ ಹಂಚಿದರೆ ಬದಲಿಸಿದ ಮೂಲವನ್ನೂ ಕೊಡಬೇಕು. ಎಂಐಟಿ ಪರವಾನಗಿಯಲ್ಲಿ ಆ ಕಟ್ಟುಪಾಡು ಇಲ್ಲ. ಕಂಪನಿ ಸೇರಿದ ಮೇಲೆ ಕರಾರು ಓದಿಕೊಳ್ಳಿ, ಬಿಡುವಿನಲ್ಲಿ ಬರೆದದ್ದೂ ಅವರದೇ ಎನ್ನುವ ಕರಾರುಗಳಿವೆ. ಕನ್ನಡ ಪುಸ್ತಕಗಳನ್ನು ವಿಕಿಸೋರ್ಸ್‌ಗೆ ಏರಿಸುವವರು ಲೇಖಕರು ತೀರಿಕೊಂಡ ವರ್ಷ ನೋಡಬೇಕು. ಭಾರತದಲ್ಲಿ ಅದಾದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳು 2024ರಿಂದ ಮುಕ್ತ. ಕುವೆಂಪು ಅವರವು 2055ಕ್ಕೆ, ತೇಜಸ್ವಿಯವರವು 2068ಕ್ಕೆ. ಎಷ್ಟೇ ಪ್ರೀತಿ ಇದ್ದರೂ ಅಲ್ಲಿಯವರೆಗೆ ಏರಿಸುವಂತಿಲ್ಲ.

12. ಸಂಬಳವೂ ಸಾಧ್ಯ, ಆದರೆ ಆಮೇಲೆ

2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್, ಔಟ್‌ರೀಚಿ ಎರಡೂ ಮನೆಯಿಂದಲೇ ಮಾಡುವ, ಹಣ ಕೊಡುವ ಅವಕಾಶಗಳು. ಅರ್ಜಿ ಹಾಕುವ ಹೊತ್ತಿಗೆ ಆ ಯೋಜನೆಯಲ್ಲಿ ನಿಮ್ಮ ಸಣ್ಣ ಕೊಡುಗೆಗಳು ಆಗಲೇ ಕಾಣಿಸಬೇಕು. ಸ್ವಂತ ಯೋಜನೆ ಬೆಳೆಸಿದವರಿಗೆ ಬೆಂಗಳೂರಿನ ಝೆರೋಧಾ 2024ರಲ್ಲಿ ಶುರು ಮಾಡಿದ ಫ್ಲಾಸ್ ಫಂಡ್ ಇದೆ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಅದಕ್ಕೆಂದು ಮೀಸಲು.

13. ಜೊತೆಗೆ ಇನ್ನೊಬ್ಬರನ್ನು ಕರೆತನ್ನಿ

ಕನ್ನಡ ಅನುವಾದಗಳು ನಿಂತುಹೋಗುವುದು ಬಹುಪಾಲು ಒಂದೇ ಕಾರಣಕ್ಕೆ: ಬರೆದವರು ಇರುತ್ತಾರೆ, ನೋಡಿ ಒಪ್ಪುವವರು ಇರುವುದಿಲ್ಲ. ಪಾಂಟೂನ್‌ನಲ್ಲಿ ಹೊಸಬರು ಬರೆದದ್ದು ಸಲಹೆಯಾಗಿ ಕೂತಿರುತ್ತದೆ, ಅನುಮತಿ ಪಡೆದ ಇನ್ನೊಬ್ಬರು ಒಪ್ಪಿದರೆ ಮಾತ್ರ ಫೈರ್‌ಫಾಕ್ಸ್‌ಗೆ ಸೇರುತ್ತದೆ. ಆದ್ದರಿಂದ ಚಿಕ್ಕಮಗಳೂರಿನಲ್ಲಿ ಓದುವ ತಂಗಿಯೋ, ಶಾಲೆಯ ಕನ್ನಡ ಮೇಷ್ಟ್ರೋ, ಪಕ್ಕದ ತೋಟದ ಗೆಳೆಯನೋ, ಒಬ್ಬರನ್ನು ಒಪ್ಪಿಸಿ. ವಾರಕ್ಕೊಂದು ಸಂಜೆ ಗೊತ್ತು ಮಾಡಿಕೊಳ್ಳಿ. ಒಬ್ಬರು ಅನುವಾದಿಸಲಿ, ಇನ್ನೊಬ್ಬರು ಗಟ್ಟಿಯಾಗಿ ಓದಿ ತಿದ್ದಲಿ, ಮುಂದಿನ ವಾರ ಅದಲುಬದಲಾಗಲಿ. ಕೆಲವು ತಿಂಗಳು ಬಿಡದೆ ಮಾಡಿ, ಪರಿಶೀಲಕರ ಅನುಮತಿಗೆ ಇಬ್ಬರೂ ಅರ್ಜಿ ಹಾಕಿ.