ರೋಗಿಯ ದಾಖಲೆ: ಗೋಪ್ಯತೆ ಮತ್ತು ಹೊಣೆಗಾರಿಕೆ

ನಾಗಪುರದ ವಾಯವ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಛಿಂದವಾಡಾ ಮಾರ್ಗದಲ್ಲಿ ಸಾವನೇರ್ ಎಂಬ ತಾಲ್ಲೂಕು ಪಟ್ಟಣವಿದೆ. ಅಲ್ಲಿಯ ಸುತ್ತಲಿನ ಹಳ್ಳಿಗಳ ರೋಗಿಯು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಬಳಿಕ ಪಟ್ಟಣದ ಗ್ರಾಮೀಣ ಆಸ್ಪತ್ರೆಗೆ, ರೋಗ ಬಲಿತರೆ ನಾಗಪುರದ ದೊಡ್ಡಾಸ್ಪತ್ರೆಗೆ ಹೋಗುವುದು ರೂಢಿ. ರೋಗಿ ಹೋದಲ್ಲೆಲ್ಲ ಆತನ ರೋಗವೃತ್ತಾಂತವೂ ಹೋಗಬೇಕು. ಮಹಾನಗರದಲ್ಲಿ ನೆಲೆಸಿದ ಕನ್ನಡಿಗರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಚಿಕಿತ್ಸೆ ಇಲ್ಲಿ, ಹಳೆಯ ಚೀಟಿಗಳು ಊರಿನ ಟ್ರಂಕಿನಲ್ಲಿ!

ವಿದರ್ಭದಲ್ಲಿ ಹೆಚ್ಚಾಗಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕಿ, ತೀವ್ರ ನೋವನ್ನುಂಟುಮಾಡುತ್ತವೆ. ಅಂಥ ರೋಗಿಯನ್ನು ನಡುರಾತ್ರಿ ಹೊಸ ವೈದ್ಯರ ಮುಂದೆ ತಂದಾಗ ಹಿಂದಿನ ರಕ್ತಪರೀಕ್ಷೆಯ ವಿವರವೂ ಸೇವಿಸುತ್ತಿರುವ ಔಷಧದ ಪ್ರಮಾಣವೂ ತಿಳಿದಿದ್ದರೆ ಅಮೂಲ್ಯ ಸಮಯ ಉಳಿಯುತ್ತದೆ. ಆದರೆ ಇದೇ ವಿಷಯ ನೆರೆಹೊರೆಗೆ ಹಬ್ಬಿದರೆ ಮನೆಯ ಹೆಣ್ಣುಮಗಳ ಮದುವೆಗೇ ಅಡ್ಡಿಯಾದೀತು. ರೋಗವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ತಂದೆತಾಯಿಗಳಿಬ್ಬರೂ ವಾಹಕರಾದಾಗ ಮಾತ್ರ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ಸೂಕ್ಷ್ಮವನ್ನರಿಯದ ಸಮಾಜ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ವೈದ್ಯರಿಗೆ ತಿಳಿಯಲೇಬೇಕಾದುದು ಊರಿಗೆ ತಿಳಿಯಬಾರದು. ಸಮಸ್ಯೆಯ ತಿರುಳು ಇದೇ.

ಈ ಎರಡನ್ನೂ ಹೊಂದಿಸುವ ಯತ್ನವಾಗಿ ಕೇಂದ್ರ ಸರ್ಕಾರವು 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಯೋಜನೆಯನ್ನು ದೇಶದಾದ್ಯಂತ ಆರಂಭಿಸಿತು. ಇದರಲ್ಲಿ ವ್ಯಕ್ತಿಯು ಸ್ವಇಚ್ಛೆಯಿಂದ 14 ಅಂಕಿಗಳ 'ಆಭಾ' ಸಂಖ್ಯೆಯನ್ನು ಪಡೆಯಬಹುದು. ದಾಖಲೆಗಳೆಲ್ಲ ಒಂದೇ ಉಗ್ರಾಣಕ್ಕೆ ಸೇರುವುದಿಲ್ಲ. ಅವು ಹುಟ್ಟಿದ ಆಸ್ಪತ್ರೆಯಲ್ಲೇ ಉಳಿದು, ರೋಗಿಯ ಸಮ್ಮತಿಯ ಮೇರೆಗೆ ಮಾತ್ರ ಬೇರೆಡೆಗೆ ತೋರತಕ್ಕವು. ಯಾವ ದಾಖಲೆ, ಯಾವ ಉದ್ದೇಶಕ್ಕೆ, ಎಷ್ಟು ದಿನ ಎಂಬುದು ಸಮ್ಮತಿಯಲ್ಲಿ ನಮೂದಾಗಿರುತ್ತದೆ. ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳಲೂಬಹುದು.

ಕಾನೂನಿನ ಆಸರೆಯೂ ಇದೆ. ಒಳರೋಗಿಗಳ ದಾಖಲೆಯನ್ನು ವೈದ್ಯರು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ವಿಧಿಸಿತು. ಎಚ್.ಐ.ವಿ. ಸೋಂಕಿತರ ಗೋಪ್ಯತೆಗಾಗಿ 2017ರ ಪ್ರತ್ಯೇಕ ಕಾಯಿದೆಯಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ರಚಿತವಾದ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವಾಗಿವೆ.

ಆದರೂ ಕಾಯಿದೆಯೊಂದೇ ಕಾವಲಾಗದು. ಆಸ್ಪತ್ರೆಯ ಮೇಜಿನ ಮೇಲೆ ತೆರೆದಿಟ್ಟ ಕಡತ, ಎಲ್ಲರೂ ಬಲ್ಲ ಪಾಸ್‌ವರ್ಡ್, ಬಂಧುಗಳ ಗುಂಪಿಗೆ ಮೊಬೈಲಿನಲ್ಲಿ ಕಳುಹಿಸಿದ ವರದಿಯ ಚಿತ್ರ, ಇವೇ ಸೋರಿಕೆಯ ದಾರಿಗಳು. ಆದುದರಿಂದ ಪ್ರತಿಯೊಂದು ಕುಟುಂಬವೂ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಚಿಕಿತ್ಸಾ ಸಾರಾಂಶವನ್ನು ಕೇಳಿ ಪಡೆಯುವುದು, ಔಷಧಗಳ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳುವುದು, ಓದದೆ ಸಮ್ಮತಿಪತ್ರಕ್ಕೆ ಸಹಿ ಹಾಕದಿರುವುದು ಲೇಸು. ಓದುಬರಹವಿಲ್ಲದವರಿಗೆ ಅವರ ಭಾಷೆಯಲ್ಲೇ ವಿವರಿಸುವ ಹೊಣೆ ಆಸ್ಪತ್ರೆಯದು. ರೋಗಿಯು ವೈದ್ಯರಲ್ಲಿ ಬಿಚ್ಚಿಟ್ಟ ಮಾತು ಒತ್ತೆಯಿಟ್ಟ ಒಡವೆಯಂತೆ. ಅದನ್ನು ಜೋಪಾನಮಾಡುವುದೂ ಚಿಕಿತ್ಸೆಯ ಒಂದು ಅಂಗವೇ ಸರಿ.