ಸೈಕಲ್ಲೇರಿದ ಜೋಳಿಗೆ

ಚಿ. ಪುಟ್ಟಿಗೆ, ಮೈಸೂರಿನಿಂದ ನಿನ್ನ ಮಾವ ಬರೆಯುವುದು.

ನಿನ್ನ ವಾಟ್ಸ್‌ಆ್ಯಪ್ ಸಂದೇಶ ಮೊನ್ನೆ ಬಂತು. ಬೆಂಗಳೂರಿನಿಂದ ಊಟಿಯವರೆಗೆ ಸುತ್ತುದಾರಿಯಲ್ಲಿ ಐದು ದಿನ ಸೈಕಲ್ ತುಳಿಯುತ್ತೀಯಂತೆ, ಕಿವಿ ಕೇಳದ ಮಕ್ಕಳ ಶಾಲೆಗೆ ಹಣ ಕೂಡಿಸುತ್ತೀಯಂತೆ. ಕೆಳಗೊಂದು ನೀಲಿ ಲಿಂಕು, ಅದರ ಪಕ್ಕ ಮುಗಿದ ಕೈಗಳ ಚಿತ್ರ. ಇದೇ ಸಾಲುಗಳು ನಿನ್ನ ಆಫೀಸಿನ ಗುಂಪಿಗೂ ಕಾಲೇಜಿನ ಗುಂಪಿಗೂ ಅಪಾರ್ಟ್‌ಮೆಂಟಿನ ಗುಂಪಿಗೂ ಹೋಗಿವೆ ಅಂತ ಓದುವಾಗಲೇ ಗೊತ್ತಾಯಿತು. ನಾನು ಲಿಂಕು ಒತ್ತಲಿಲ್ಲ. ಅಕ್ಕ ಫೋನ್ ಮಾಡಿ, "ಸೋದರಮಾವನೇ ಕೊಡದಿದ್ದರೆ ಊರವರು ಕೊಡ್ತಾರೇನೋ?" ಅಂತ ಬೈದಳು. ಅದಕ್ಕೇ ಈ ಕಾಗದ. ನಿನ್ನ ವಯಸ್ಸಿನವರು ಇನ್ನೂ ಎಷ್ಟೋ ಮಂದಿ ಇಂಥ ಸವಾರಿಗೆ ಹೊರಡುತ್ತಾರಲ್ಲ, ಅವರಿಗೂ ಇರಲಿ ಅಂತ ಪತ್ರಿಕೆಗೂ ಒಂದು ಪ್ರತಿ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡ, ನಿನ್ನ ಹೆಸರು ಹಾಕಿಲ್ಲ.

ನಾನೂ ಒಮ್ಮೆ ಇಂಥದೇ ಶಾಲೆಗಾಗಿ ಹೋಗಿದ್ದೆನಲ್ಲ, ನಿವೃತ್ತಿಯಾದ ವರ್ಷ. ಇಪ್ಪತ್ತೆರಡು ಜನ, ಒಂದು ಮಿನಿ ಬಸ್ಸು, ಸೈಕಲ್ ಹೊರಲು ಒಂದು ಲಾರಿ. 2008ರಲ್ಲಿ ಟೂರ್ ಆಫ್ ನೀಲ್ಗಿರೀಸ್ ಎಂಬ ಸೈಕಲ್ ಸವಾರಿ ಶುರುವಾದ ಮೇಲೆ ನಂಜನಗೂಡು, ಗುಂಡ್ಲುಪೇಟೆ ರಸ್ತೆಯವರಿಗೆ ಬಿಗಿ ಚಡ್ಡಿ ಹಾಕಿದ ಸವಾರರು ಅಪರೂಪವೇನಲ್ಲ. ನಮ್ಮದು ಅದರ ಮುಂದೆ ಮದುವೆಮನೆಯ ಪಕ್ಕದ ಸತ್ಯನಾರಾಯಣ ಪೂಜೆ ಇದ್ದ ಹಾಗೆ. ಗುಂಡ್ಲುಪೇಟೆಯಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವರು ನನ್ನ ಅಂಗಿಯ ಬೆನ್ನಿನ ಮೇಲೆ ಬರೆದದ್ದನ್ನು ಓದಿ ಕೇಳಿದರು: "ದುಡ್ಡು ಬೇಕಾದ್ರೆ ಕೇಳಿದ್ರಾಯ್ತಲ್ಲ ಸ್ವಾಮಿ, ಅದಕ್ಕೆ ಸೈಕಲ್ ಯಾಕೆ ತುಳೀಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಹತ್ತು ಕಿಲೋಮೀಟರ್ ಆ ಮಾತು ಹಿಂದಿನ ಸೀಟಿನಲ್ಲಿ ಕೂತುಕೊಂಡೇ ಬಂತು. ನಾವು ಬೆವರಿದರೆ ಶಾಲೆಗೆ ನಯಾಪೈಸೆ ಹುಟ್ಟುವುದಿಲ್ಲ. ಸೈಕಲ್ ಬಾಡಿಗೆ, ಲಾಡ್ಜು, ಊಟ, ಬಸ್ಸಿನ ಡೀಸೆಲ್ ಎಲ್ಲ ಸೇರಿಸಿ ಅದನ್ನೇ ನೇರವಾಗಿ ಶಾಲೆಗೆ ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತಲ್ಲ?

ನನಗೆ ಹೊಳೆದ ಉತ್ತರ ಇದು, ನಿನಗೆ ಒಪ್ಪಿಗೆಯಾಗದಿದ್ದರೆ ಬಿಡು. ನಮಗೆ ಕೇಳಲು ನಾಚಿಕೆ. ಸೈಕಲ್ಲು ಆ ನಾಚಿಕೆಗೆ ತೊಡಿಸಿದ ಅಂಗಿ. ಬರಿಗೈಯಲ್ಲಿ ಹೋಗಿ ಮಕ್ಕಳ ಶಾಲೆಗೆ ಕೊಡಿ ಅನ್ನಲು ನಾಲಗೆ ಬರುವುದಿಲ್ಲ. ಕಲ್ಲಟ್ಟಿ ಘಾಟಿ ಹತ್ತುತ್ತಿದ್ದೇನೆ, ಕೊಡಿ ಅನ್ನಲು ಬರುತ್ತದೆ. ಕೊಡುವವನಿಗೂ ಅಷ್ಟೇ, ಒಂದು ನೆಪ ಬೇಕು. ಹಾಗಾಗಿ ತುಳಿಯುವುದು ನಿನ್ನ ಸಂತೋಷ, ಅದನ್ನು ಸೇವೆ ಅಂತ ಕರೆಯಬೇಡ. ನಿಜವಾದ ಕೆಲಸ ಕೇಳುವುದು. ಅದನ್ನೇ ನೀನು ಒಂದು ಲಿಂಕಿಗೆ ಒಪ್ಪಿಸಿಬಿಟ್ಟೆ.

ಹಿಂದೆ ಕೇಳುವುದು ಹೇಗಿತ್ತು ಗೊತ್ತೇ? ನಿನ್ನ ಮುತ್ತಾತ ಮೈಸೂರಿನಲ್ಲಿ ಓದಿದ್ದು ವಾರಾನ್ನದಲ್ಲಿ. ಏಳು ದಿನಕ್ಕೆ ಏಳು ಮನೆ. ಸೋಮವಾರದ ಮನೆಯವರಿಗೆ ಹುಡುಗನಿಗೆ ಲೆಕ್ಕದಲ್ಲಿ ಎಷ್ಟು ಅಂಕ ಬಂತು ಅಂತ ಗೊತ್ತಿರುತ್ತಿತ್ತು, ಗುರುವಾರದ ಮನೆಯ ಅಜ್ಜಿಗೆ ಅವನಿಗೆ ಹಾಗಲಕಾಯಿ ಸೇರುವುದಿಲ್ಲ ಅಂತ ಗೊತ್ತಿರುತ್ತಿತ್ತು. ಆಮೇಲೆ ಇಳಕಲ್ಲಿನ ಮಹಾಂತ ಸ್ವಾಮಿಗಳನ್ನು ನೋಡು. 1975ರಲ್ಲಿ ಜೋಳಿಗೆ ಹಿಡಿದು ಹೊರಟವರು ಕಾಸು ಕೇಳಲಿಲ್ಲ, ನಿಮ್ಮ ಕುಡಿತ, ಬೀಡಿ, ತಂಬಾಕು ಇದಕ್ಕೆ ಹಾಕಿ ಅಂದರು. ಅವರ ಹುಟ್ಟುಹಬ್ಬ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಶಕ್ತಿ ಬಂದದ್ದು ಅವರು ಮನೆ ಬಾಗಿಲಲ್ಲಿ ನಿಂತು, ಮುಖ ನೋಡಿ ಕೇಳಿದ್ದರಿಂದ. ಇನ್ನೂರು ಜನರ ಗುಂಪಿಗೆ ಒಂದೇ ಸಲ ಎಸೆದ ಸಂದೇಶದಲ್ಲಿ ಯಾರ ಮುಖವೂ ಇಲ್ಲ. ಅದನ್ನು ಓದಿದ ಪ್ರತಿಯೊಬ್ಬನೂ ಉಳಿದ 199 ಜನ ಕೊಡುತ್ತಾರೆ ಅಂದುಕೊಂಡು ಮುಂದಿನ ಜೋಕಿಗೆ ಹೋಗುತ್ತಾನೆ.

ಹಾಗಾಗಿ ನಲವತ್ತು ಹೆಸರು ಬರೆದಿಟ್ಟುಕೋ. ಒಬ್ಬೊಬ್ಬರಿಗೇ ಫೋನ್ ಮಾಡು, ಆಗುವುದಾದರೆ ಮನೆಗೇ ಹೋಗು. ಎಷ್ಟು ಬೇಕು ಅಂತ ಬಾಯಿಬಿಟ್ಟು ಹೇಳು. "ನಿಮ್ಮಿಷ್ಟ" ಅಂದರೆ ಎದುರಿನವರಿಗೆ ಸಂಕಟ. ನೆನಪಿಸುವುದು ಒಂದೇ ಸಲ. ಇಲ್ಲ ಅಂದವರ ಮನೆಯಲ್ಲೂ ಕಾಫಿ ಕುಡಿದೇ ಏಳು. ಇನ್ನೊಂದು ಮಾತು, ಇದನ್ನು ಮಾತ್ರ ಮಾವ ಖಡಾಖಂಡಿತ ಹೇಳುತ್ತಾನೆ: ಆಫೀಸಿನಲ್ಲಿ ನಿನ್ನ ಕೈಕೆಳಗಿನವರನ್ನು ಕೇಳಬೇಡ, ಮನೆಗೆಲಸದವರನ್ನು, ಅಪಾರ್ಟ್‌ಮೆಂಟಿನ ವಾಚ್‌ಮನ್‌ನನ್ನು ಕೇಳಬೇಡ. ಇಲ್ಲ ಅನ್ನಲು ಆಗದವರಿಂದ ಪಡೆದದ್ದು ದಾನವಲ್ಲ, ಕಂದಾಯ.

ದುಡ್ಡಿನ ವಿಷಯ ಸ್ವಲ್ಪ ಉದ್ದವಾಗುತ್ತದೆ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತವನಲ್ಲವೇ, ಸಹಿಸಿಕೋ. ನಿನ್ನ ಪ್ರವೇಶ ಶುಲ್ಕ, ರೂಮು, ಊಟ, ಆ ಹೊಸ ಶೂಗಳು ನಿನ್ನ ಸಂಬಳದಿಂದ. ಜನ ಕೊಟ್ಟದ್ದು ನೇರ ಶಾಲೆಯ ಟ್ರಸ್ಟಿನ ಖಾತೆಗೆ; ನಿನ್ನ ಫೋನ್ ನಂಬರಿನ ಯುಪಿಐಗೆ ಒಂದು ರೂಪಾಯಿಯೂ ಬರಕೂಡದು. ತೆರಿಗೆ ರಿಯಾಯಿತಿಯ ರಸೀತಿ ಕೊಡಿಸುತ್ತೇನೆ ಅಂತ ಎಲ್ಲರಿಗೂ ಆಸೆ ಹುಟ್ಟಿಸಬೇಡ. ಆ ರಿಯಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಅದರಲ್ಲೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಇಲ್ಲ. ಕ್ಯಾಲಿಫೋರ್ನಿಯಾದ ನಿನ್ನ ದೊಡ್ಡಪ್ಪನ ಮಗ ಡಾಲರು ಕಳಿಸುತ್ತೇನೆ ಅಂದಿದ್ದಾನಂತೆ. ಅವನು ಈಗ ಅಮೆರಿಕದ ಪ್ರಜೆ. ಹುಟ್ಟಿದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲೇ ಆದರೂ ಕಾನೂನಿನ ಲೆಕ್ಕದಲ್ಲಿ ಅವನ ಹಣ ವಿದೇಶಿ ದೇಣಿಗೆ. ಟ್ರಸ್ಟಿಗೆ ಅಂಥ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅವನ ಹೆಂಡತಿ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದಾಳೆ, ಅವಳು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಈ ಗೋಜಿಲ್ಲ. ಶಾಲೆಯ ಗುಮಾಸ್ತರನ್ನು ಮೊದಲೇ ಕೇಳಿಕೋ. ಒಳ್ಳೆಯ ಮನಸ್ಸಿನಿಂದ ಬಂದ ಐನೂರು ಡಾಲರಿಗೆ ಶಾಲೆ ನೋಟಿಸು ಪಡೆಯುವಂತಾಗಬಾರದು.

ಸವಾರಿಯೇ ಜೋಳಿಗೆಯನ್ನು ತಿನ್ನುವುದೂ ಉಂಟು. ಅದೇ ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಏಡ್ಸ್ ರೋಗಿಗಳಿಗಾಗಿ ಒಂದು ಸವಾರಿ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲಿಸ್‌ವರೆಗೆ ಏಳು ದಿನ. ನಡೆಸುತ್ತಿದ್ದದ್ದು ಒಂದು ಲಾಭದ ಕಂಪನಿ. ಖರ್ಚು ಬಹಳವಾಯಿತು ಅಂತ ಜಗಳ ಹತ್ತಿ, ಹಣ ಪಡೆಯುತ್ತಿದ್ದ ಸಂಸ್ಥೆಗಳೇ ಬೇರೆಯಾಗಿ 2002ರಿಂದ ಏಡ್ಸ್ ಲೈಫ್‌ಸೈಕಲ್ ಅನ್ನುವ ತಮ್ಮದೇ ಸವಾರಿ ನಡೆಸಿದವು. ಹಳೆಯ ಸವಾರಿಯೂ ಇದೂ ಸೇರಿ 30 ಕೋಟಿ ಡಾಲರಿಗೂ ಹೆಚ್ಚು ಕೂಡಿಸಿದವು. ಕೊನೆಗೆ ಹೊಸದಕ್ಕೂ ಖರ್ಚು ಏರಿ, ಸವಾರರು ಕಡಿಮೆಯಾಗಿ, 2025ರ ಜೂನ್‌ನಲ್ಲಿ ಕೊನೆಯ ಸಲ ನಡೆಯಿತು. ಇನ್ನೊಂದು ದಿಕ್ಕಿನ ಮ್ಯಾಸಚೂಸೆಟ್ಸ್‌ನಲ್ಲಿ, ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬಾತ 1980ರಲ್ಲಿ 36 ಗೆಳೆಯರ ಜೊತೆ ಹೊರಟು 10,200 ಡಾಲರ್ ತಂದ. ಆ ಪ್ಯಾನ್-ಮ್ಯಾಸ್ ಚಾಲೆಂಜ್ ಈಗಲೂ ನಡೆಯುತ್ತಿದೆ; ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿದೆ. ಸವಾರರು ತಂದ ಹಣವೆಲ್ಲ ಕ್ಯಾನ್ಸರ್ ಆಸ್ಪತ್ರೆಗೆ, ನಡೆಸುವ ಖರ್ಚಿಗೆ ಬೇರೆ ದಾರಿ ಅಂತ ಅವರು ಗೆರೆ ಎಳೆದಿದ್ದಾರೆ. ನಿಮ್ಮ ಸವಾರಿಯ ಸಂಘಟಕರನ್ನು ಆ ಗೆರೆ ಎಲ್ಲಿದೆ ಅಂತ ಕೇಳು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲೇ ಉತ್ತರ ಸಿಕ್ಕಿತು.

ಇನ್ನು ಮೈಯ ಮಾತು. ಶನಿವಾರ ಎಂಬತ್ತು ಕಿಲೋಮೀಟರ್ ತುಳಿದು ಭಾನುವಾರ ಹಾಸಿಗೆ ಹಿಡಿಯುವ ಅಭ್ಯಾಸ ಪ್ರಯೋಜನಕ್ಕೆ ಬಾರದು. ಶನಿವಾರ ಅರವತ್ತು, ಭಾನುವಾರ ಕಾಲು ನೋಯುತ್ತಿದ್ದರೂ ಮತ್ತೆ ಐವತ್ತು. ನೋವಿನ ಮೇಲೆ ಕೂರುವುದನ್ನು ಮೈ ಕಲಿಯಬೇಕು. ನಂದಿಬೆಟ್ಟ ಹತ್ತಿ ಫೋಟೊ ತೆಗೆಸಿಕೊಂಡರೆ ಸಾಲದು, ಇಳಿಯುವುದನ್ನೂ ಕಲಿ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇದ್ದರೆ ರಿಮ್ಮು ಕಾದು ಟ್ಯೂಬು ಸಿಡಿಯುತ್ತದೆ. ಎರಡೂ ಬ್ರೇಕು, ಬಿಟ್ಟು ಬಿಟ್ಟು, ತಿರುವಿಗೆ ಮೊದಲೇ. ಬಾಯಾರುವ ಮೊದಲು ನೀರು, ಹಸಿಯುವ ಮೊದಲು ಕಡಲೆಮಿಠಾಯಿ. ಆ ದುಬಾರಿ ಜೆಲ್ ಪೊಟ್ಟಣಗಳು ನನಗೆ ಅಂಟಿನ ಹಾಗೆ ಕಂಡವು, ಇರಲಿ. ಸೀಟಿನಿಂದ ಆಗುವ ಉಜ್ಜುಗಾಯಕ್ಕೆ ಏನು ಮಾಡಬೇಕು, ಆ ಚಡ್ಡಿಯ ಒಳಗೆ ಏನು ಹಾಕಬಾರದು ಅನ್ನುವುದನ್ನು ಅತ್ತೆ ಫೋನಿನಲ್ಲಿ ಹೇಳುತ್ತಾಳೆ. ನನ್ನ ಅನುಭವವನ್ನೆಲ್ಲ ಅವಳಿಗೆ ವರದಿ ಒಪ್ಪಿಸಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಕೆಟ್ಟದ್ದು. ಮೊದಲ ದಿನ ಉತ್ಸಾಹ, ಎರಡನೆಯ ದಿನ ಹಟ. ಮೂರನೆಯ ದಿನ ಐದು ಗಂಟೆಗೆ ಎದ್ದಾಗ ಎರಡೂ ಇರುವುದಿಲ್ಲ. ಪಕ್ಕದ ಹಾಸಿಗೆಯವರ ಗೊರಕೆಯಿಂದ ಹಿಡಿದು ತಣ್ಣಗಿನ ಇಡ್ಲಿಯವರೆಗೆ ಎಲ್ಲದರ ಮೇಲೂ ಸಿಟ್ಟು. ಆ ಹೊತ್ತಿನಲ್ಲಿ ಯಾರೊಂದಿಗೂ ಜಗಳವಾಡದೆ ಸೈಕಲ್ ಹತ್ತಿಬಿಡು. ಹತ್ತು ಕಿಲೋಮೀಟರಿನ ಹೊತ್ತಿಗೆ ಸಡಿಲವಾಗುತ್ತದೆ.

ನಮ್ಮ ಜಗಳ ಆದದ್ದು ಬಂಡೀಪುರದಲ್ಲಿ. ಕಾಡಿನ ಗಡಿಯಲ್ಲಿ ಸೈಕಲ್ಲುಗಳನ್ನು ಲಾರಿಗೇರಿಸಿ, ನಮ್ಮನ್ನು ಬಸ್ಸಿಗೆ ಹತ್ತಿಸಿದರು. ಜೊತೆಯವನೊಬ್ಬ, ನಲವತ್ತರ ಹರೆಯ, ಕೂಗಾಡಿದ: ದಾನಿಗಳಿಗೆ ಪೂರ್ತಿ ದೂರ ತುಳಿಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಇದು ಮೋಸ. ಡ್ರೈವರ್ ತಿರುಗಿ, "ಸಾರ್, ಆನೆಗೂ ಒಂದ್ ಮಾತು ಕೇಳ್ಕೊಂಡ್ ಬರ್ಲಾ?" ಅಂದ. ಆ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ, ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು ಅಂತ. ಅಲ್ಲಿ ನಮ್ಮ ಕಿಲೋಮೀಟರು ಯಾರಿಗೆ ಬೇಕು? ದಾನಿಗಳಲ್ಲಿ ಒಬ್ಬರೂ ಲೆಕ್ಕ ಕೇಳಲಿಲ್ಲ. ನಿಮ್ಮ ದಾರಿಯೂ ಅದೇ ಆಗಿದ್ದರೆ ಅರಣ್ಯದವರು ಹೇಳಿದ್ದನ್ನು ಕೇಳಿ ಸುಮ್ಮನೆ ಬಸ್ಸು ಹತ್ತು, ಕಿಟಕಿ ಪಕ್ಕ ಕೂತುಕೋ.

ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಒಂದೊಂದಕ್ಕೂ ಸಂಖ್ಯೆ ಬರೆದ ಹಲಗೆ. ಊಟಿ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ನಾನು ಹನ್ನೊಂದನೆಯ ತಿರುವಿನಲ್ಲಿ ಇಳಿದೆ. ಅಲ್ಲಿಂದ ತಳ್ಳಿದೆ, ಮತ್ತೆ ಹತ್ತಿದೆ, ಮತ್ತೆ ತಳ್ಳಿದೆ. ಎಲ್ಲರಿಗಿಂತ ಹಿಂದೆ ಬರುವ ಬಸ್ಸು ನನ್ನ ಹಿಂದೆಯೇ ಮೊದಲನೇ ಗೇರಿನಲ್ಲಿ ಗುರುಗುಡುತ್ತ ಬರುತ್ತಿತ್ತು, ಮೊಮ್ಮಗನನ್ನು ಶಾಲೆಗೆ ಬಿಡಲು ಬರುವ ಅಜ್ಜಿಯ ಹಾಗೆ. ಇಪ್ಪತ್ತನಾಲ್ಕರಲ್ಲಿ ಬಾಗಿಲು ತೆರೆದರು. ಹತ್ತಿದೆ. ನಾಚಿಕೆಯಾಯಿತು, ಸುಳ್ಳೇಕೆ. ಅಷ್ಟು ದಿನ ನಲವತ್ತು ಜನರ ಹತ್ತಿರ ಕೈಚಾಚಿದವನಿಗೆ ಒಂದು ಬಸ್ಸಿನ ಸೀಟು ಪಡೆಯಲು ಇಷ್ಟು ಬಿಂಕವೇ ಅಂತ ಆಮೇಲೆ ಅನ್ನಿಸಿತು. ನಿನ್ನ ಬಿಂಕ ನನ್ನದಕ್ಕಿಂತ ದೊಡ್ಡದು, ಅಕ್ಕನಿಂದ ಬಂದದ್ದು. ಬಾಗಿಲು ತೆರೆದಾಗ ಹತ್ತು.

ಊಟಿಯಲ್ಲಿ ಮೆಡಲ್ಲು ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ, ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಬರೆಯಬೇಕಾದದ್ದು ಆಮೇಲಿನದು. ಹದಿನೈದು ದಿನ ಬಿಟ್ಟು ನಾನು ಶಾಲೆಗೆ ಹೋದೆ. ಅಲ್ಲಿ ಪುಟ್ಟ ಮಕ್ಕಳ ಜೊತೆ ತಾಯಂದಿರೂ ತರಗತಿಯಲ್ಲೇ ಕೂರುತ್ತಾರೆ. ಮಗುವಿಗೆ ಮಾತು ಕಲಿಸುವುದನ್ನು ತಾಯಿ ಮೊದಲು ಕಲಿಯಬೇಕು. ಒಬ್ಬ ತಾಯಿ ಮಗನ ಕಿವಿಯ ಹಿಂದಿನ ಯಂತ್ರ ಬಿಚ್ಚಿ ಬ್ಯಾಟರಿ ಬದಲಿಸುತ್ತಿದ್ದಳು. ಹುಡುಗ ಬಟ್ಟಲುಕಣ್ಣು ಮಾಡಿ ಕಾಯುತ್ತಿದ್ದ. ಮುಖ್ಯೋಪಾಧ್ಯಾಯಿನಿ ಹೇಳಿದರು: ಯಂತ್ರ ಕೊಡಿಸಲು ಜನ ಬರುತ್ತಾರೆ, ಅದರ ಜೊತೆ ಫೋಟೊ ಚೆನ್ನಾಗಿ ಬರುತ್ತದೆ. ಬ್ಯಾಟರಿ ಎರಡು ಮೂರು ವಾರಕ್ಕೆ ಮುಗಿಯುತ್ತದೆ, ಅದಕ್ಕೆ ಯಾರೂ ಬರುವುದಿಲ್ಲ. ಬ್ಯಾಟರಿ ಮುಗಿದ ದಿನದಿಂದ ದುಡ್ಡು ಹೊಂದಿಸುವ ದಿನದವರೆಗೆ ಮಗು ಕಲಿತ ಮಾತೂ ನಿಂತಿರುತ್ತದೆ.

ನಾವು ಇಪ್ಪತ್ತೆರಡು ಜನರೂ ಆ ವರ್ಷ ಕೊಟ್ಟ ಹಣ ಯಂತ್ರಗಳಿಗೇ ಹೋಗಿತ್ತು. ಹೊರಡುವ ಮೊದಲೇ ಶಾಲೆಗೆ ಹೋಗಿ, ಏನು ಬೇಕು ಅಂತ ಒಬ್ಬರಾದರೂ ಕೇಳಿದ್ದೆವಾ? ಇಲ್ಲ. ಅಂದಿನಿಂದ ನಾನು ತಿಂಗಳಿಗೊಮ್ಮೆ ಬ್ಯಾಟರಿಯ ಪಟ್ಟಿ ಹಿಡಿದು ಹೋಗುತ್ತೇನೆ, ಸೈಕಲ್ಲಿನಲ್ಲೇ. ಮನೆಯಿಂದ ನಾಲ್ಕು ಕಿಲೋಮೀಟರ್, ಘಾಟಿಯಿಲ್ಲ, ಮೆಡಲ್ಲಿಲ್ಲ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಅತ್ತೆ ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ ಮಾಡುತ್ತಾಳಂತೆ. ನಡುಮನೆಯ ಬೆತ್ತದ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ. ನೀನು ಎದುರಿಗೆ ಕೂತು, ಶಾಲೆ ಯಾವುದು, ಮಕ್ಕಳೆಷ್ಟು, ಅವರಿಗೆ ಬೇಕಾದದ್ದೇನು ಅಂತ ಹೇಳಿ, ಎಷ್ಟು ಅಂತ ಕೇಳು. ಚೆಕ್ಕಿಗೆ ಸಹಿ ಹಾಕಿಟ್ಟಿದ್ದೇನೆ, ಮೊತ್ತ ಬರೆದಿಲ್ಲ. ಶಾಲೆಗೆ ಇನ್ನೂ ಹೋಗಿ ಬಂದಿಲ್ಲವಾದರೆ ಅದರ ಮುಂದಿನ ಭಾನುವಾರ ಬಾ, ರೊಟ್ಟಿ ಆಗಲೂ ಇರುತ್ತದೆ.

ಇಂತಿ,
ನಿನ್ನ ಮಾವ