ಕಾರಿನ ಧ್ವನಿವ್ಯವಸ್ಥೆ: ಬಾಗಿಲಿನಿಂದಲೇ ಸುಧಾರಣೆ

ಕಾರಿನ ಅಲಂಕಾರ ಸಾಮಗ್ರಿ ಮಾರುವ ಅಂಗಡಿಗಳಿಗೆ ಒಂದು ದೂರು ಪದೇ ಪದೇ ಬರುತ್ತದೆ: ಹೊಸ ಸ್ಪೀಕರ್ ಹಾಕಿಸಿದರೂ ಧ್ವನಿ ಸುಧಾರಿಸಿಲ್ಲ. ಗ್ರಾಹಕನು ಸರಕನ್ನು ದೂರುತ್ತಾನೆ. ವರ್ತಕನು ಬದಲಾಯಿಸಿ ಕೊಡುತ್ತಾನೆ. ಬದಲಿ ಸ್ಪೀಕರಿನದೂ ಅದೇ ಪಾಡು. ಇಂತಹ ಸಂದರ್ಭಗಳಲ್ಲಿ ದೋಷವು ಅನೇಕ ವೇಳೆ ಸ್ಪೀಕರಿನಲ್ಲಿರುವುದಿಲ್ಲ, ಅದನ್ನು ಕೂರಿಸಿದ ಬಾಗಿಲಿನಲ್ಲಿರುತ್ತದೆ.

ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳುವ ಗಾಳಿಯಷ್ಟನ್ನೇ ಹಿಂದಕ್ಕೆ ಎಳೆಯುತ್ತದೆ. ಹಿಂಬದಿಯ ಅಲೆಯು ಸಂದುಗಳ ಮೂಲಕ ಮುಂಬದಿಗೆ ಬಂದು ಬೆರೆತರೆ ಮಂದ್ರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಕಾರಿನ ಬಾಗಿಲಿನ ಒಳತಗಡಿನಲ್ಲಿ ದೊಡ್ಡ ರಂಧ್ರಗಳಿದ್ದು, ಹೊರತಗಡು ತೆಳುವಾಗಿದ್ದು ತಾನೂ ಕಂಪಿಸುತ್ತದೆ. ಆದುದರಿಂದ ಮೊದಲ ವೆಚ್ಚ ಇಲ್ಲಿಯೇ ಆಗಬೇಕು. ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯುಟೈಲ್ ರಬ್ಬರ್ ಪಟ್ಟಿಯನ್ನು ಹೊರತಗಡಿನ ಒಳಮೈಗೆ ರೋಲರಿನಿಂದ ಒತ್ತಿ ಅಂಟಿಸಿ, ಒಳತಗಡಿನ ರಂಧ್ರಗಳನ್ನು ಮುಚ್ಚಬೇಕು. ಬಾಗಿಲಿನ ತಳದಲ್ಲಿರುವ ನೀರು ಹರಿಯುವ ತೂತುಗಳನ್ನು ಮಾತ್ರ ಎಂದಿಗೂ ಮುಚ್ಚಕೂಡದು. ಮುಚ್ಚಿದರೆ ಮಳೆನೀರು ನಿಂತು ತುಕ್ಕು ಹಿಡಿಯುವುದು ಖಚಿತ.

ಸ್ಪೀಕರ್ ಮತ್ತು ತಗಡಿನ ನಡುವೆ ಗಟ್ಟಿಯಾದ ಉಂಗುರವೂ ಅಗತ್ಯ. ಎಂ.ಡಿ.ಎಫ್. ಉಂಗುರಗಳು ಅಗ್ಗವಾದರೂ ತೇವ ತಗುಲಿದರೆ ಉಬ್ಬುತ್ತವೆ. ವಾಹನದ ಮಾದರಿಗೆ ತಕ್ಕಂತೆ ಗಟ್ಟಿ ಪ್ಲಾಸ್ಟಿಕ್ ಉಂಗುರಗಳನ್ನೂ, ಮೂಲ ವೈರನ್ನು ಕತ್ತರಿಸದೆ ಜೋಡಿಸಬಹುದಾದ ಕಪ್ಲರುಗಳನ್ನೂ ತಯಾರಿಸುವುದು ಸಣ್ಣ ಉದ್ಯಮಿಗಳ ಶಕ್ತಿಗೆ ಮೀರಿದ ಕೆಲಸವೇನಲ್ಲ. ವೈರ್ ಕತ್ತರಿಸಿದ ಕಾರಣಕ್ಕೆ ವಾಹನದ ವಾರಂಟಿಗೆ ತಕರಾರು ಬಂದಾಗ ಗ್ರಾಹಕನು ಮೊದಲು ಮೆಟ್ಟಿಲೇರುವುದು ಅಂಗಡಿಯನ್ನೇ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನು ನೋಡಿ ಮಾರುವ ಪರಿಪಾಠ ವ್ಯಾಪಾರಕ್ಕೆ ಒಳ್ಳೆಯದಲ್ಲ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ ಒತ್ತಡ ಸುಮಾರು 14.4 ವೋಲ್ಟ್. ಈ ಒತ್ತಡದಲ್ಲಿ ಸಾಮಾನ್ಯ ಸ್ಟೀರಿಯೋವಿನ ಒಳಗಿನ ಆಂಪ್ಲಿಫೈಯರ್ 4 ಓಮಿನ ಸ್ಪೀಕರಿಗೆ ವಿರೂಪವಿಲ್ಲದೆ ಕೊಡಬಲ್ಲ ಶಕ್ತಿ ಲೆಕ್ಕದ ಪ್ರಕಾರ 26 ವ್ಯಾಟನ್ನು ಮೀರದು. ವಾಸ್ತವದಲ್ಲಿ 15ರಿಂದ 20. ಪೆಟ್ಟಿಗೆಯ 50 ವ್ಯಾಟ್ ಎಂಬುದು ಕ್ಷಣಿಕ ಗರಿಷ್ಠ ಮಾತ್ರ. ಅದಲ್ಲದೆ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ದೊರೆಯುವ ಹೆಚ್ಚಳ 3 ಡೆಸಿಬೆಲ್. 87 ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ ಬದಲಾಗಿ 90ರದನ್ನು ಹಾಕಿದರೆ, ಆಂಪ್ಲಿಫೈಯರನ್ನು ಮುಟ್ಟದೆಯೇ ಅಷ್ಟು ಲಾಭವುಂಟು.

ಪ್ರತ್ಯೇಕ ಆಂಪ್ಲಿಫೈಯರ್ ಬೇಕೆಂದಾದಲ್ಲಿ ವೈರಿನ ವಿಷಯ ಮುಖ್ಯವಾಗುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರನ್ನು ತಾಮ್ರವೆಂದೇ ಮಾರುವುದುಂಟು. ಅದರ ವಾಹಕತೆ ತಾಮ್ರದ ಸುಮಾರು ಮೂರನೆಯ ಎರಡು ಭಾಗ. 8 ಚದರ ಮಿಲಿಮೀಟರಿನ 5 ಮೀಟರ್ ಉದ್ದದ ವೈರಿನಲ್ಲಿ 50 ಆಂಪಿಯರ್ ಹರಿದಾಗ ತಾಮ್ರದಲ್ಲಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಒತ್ತಡ ಕುಸಿದರೆ, ಇದರಲ್ಲಿ 0.8 ವೋಲ್ಟ್ ಕುಸಿಯುತ್ತದೆ. ಆ ನಷ್ಟವೆಲ್ಲ ಶಾಖವಾಗುತ್ತದೆ. ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿದರೆ ಸಾಕು, ಒಳಗಿನ ಬಿಳುಪು ಕಾಣುತ್ತದೆ. ಬ್ಯಾಟರಿಯ ಧನ ಧ್ರುವದಿಂದ 45 ಸೆಂಟಿಮೀಟರಿನೊಳಗೆ, ವೈರಿನ ಸಾಮರ್ಥ್ಯಕ್ಕೆ ತಕ್ಕ ಫ್ಯೂಸ್ ಇರತಕ್ಕದ್ದು. ಇಲ್ಲವಾದರೆ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದಾಗ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ.

ಎಂಜಿನ್ ವೇಗದೊಂದಿಗೆ ಏರುವ ಕೀರಲು ಸದ್ದಿಗೆ ಅರ್ತಿಂಗ್ ದೋಷವೇ ಸಾಮಾನ್ಯ ಕಾರಣ. ಬಣ್ಣ ಕೆರೆದ ಬರಿಯ ಲೋಹಕ್ಕೆ ಬೋಲ್ಟ್ ಬಿಗಿದು, ಸಿಗ್ನಲ್ ವೈರನ್ನು ಪವರ್ ವೈರಿನ ಎದುರು ಬದಿಯಲ್ಲಿ ಒಯ್ದರೆ ಬಹುಪಾಲು ಗುಣವಾಗುತ್ತದೆ. ಒಂದು ಬದಿಯ ಸ್ಪೀಕರಿನ ಧನ-ಋಣ ತಿರುವುಮುರುವಾಗಿದ್ದರೂ ಮಂದ್ರ ಮಾಯವಾಗುತ್ತದೆ, 1.5 ವೋಲ್ಟ್ ಸೆಲ್ಲನ್ನು ಕ್ಷಣಕಾಲ ತಾಗಿಸಿ, ಕೋನ್ ಹೊರಕ್ಕೆ ಚಲಿಸಿದರೆ ಸೆಲ್ಲಿನ ಧನಕ್ಕೆ ತಾಗಿದ ತುದಿಯೇ ಧನ. ಇದಕ್ಕೆ ಅರ್ಧ ನಿಮಿಷ ಸಾಕು. ಆದರೂ ಅವಸರದಲ್ಲಿ ಇದನ್ನೇ ಬಿಡುವ ಕೆಲಸಗಾರರು ಹಲವರು.

ವೈರಿನ ಲೋಹ, ದಪ್ಪ ಮತ್ತು ಫ್ಯೂಸಿನ ಆಂಪಿಯರನ್ನು ಬಿಲ್ಲಿನಲ್ಲಿಯೇ ನಮೂದಿಸುವ ಅಂಗಡಿಗೆ ಮುಂದೆ ವಿವಾದ ಬಂದಾಗ ಆ ಬಿಲ್ಲೇ ಆಧಾರ.